ಗಾಯಕ್ಕೆ ಪರಿಹಾರವಿದೆ, ಗಾಯ ಮಾಯುವ ದಿನಗಳಿಗೆ ಕೂಲಿಯಿಲ್ಲ

ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಶಟರ್‌ಗಳು ಒಂದೊಂದಾಗಿ ಮೇಲೇಳುತ್ತವೆ. ಐದು, ಆರು, ಎಂಟು ಜನ ದುಡಿಯುವ ಶೆಡ್ಡುಗಳು. ಒಳಗೆ ಪವರ್ ಪ್ರೆಸ್ಸು ತಗಡು ಕತ್ತರಿಸುತ್ತಿರುತ್ತದೆ. ತುಂಡು ಇಡಬೇಕು, ಕೈ ತೆಗೆಯಬೇಕು, ಪೆಡಲ್ ಒತ್ತಬೇಕು. ಒಂದು ಪಾಳಿಯಲ್ಲಿ ಇಷ್ಟನ್ನೇ ಸಾವಿರಾರು ಸಲ ಮಾಡಬೇಕು. ಅದರಲ್ಲೊಂದು ಸಲ ಕೈ ಹೊರಬರುವ ಮೊದಲೇ ಪ್ರೆಸ್ಸು ಇಳಿದುಬಿಡುತ್ತದೆ.

ಸಿಕ್ಕ ಬಟ್ಟೆ ಸುತ್ತಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ಯುತ್ತಾರೆ. ಮಾಲೀಕರೇ ಬಂದು ಬಿಲ್ಲು ಕಟ್ಟುತ್ತಾರೆ. ಸಂಜೆ ಸೂಪರ್‌ವೈಸರ್ ಭುಜ ತಟ್ಟಿ, 'ಪೂರ್ತಿ ಆರಾಮಾದ ಮೇಲೆ ಬಾರಪ್ಪ' ಅನ್ನುತ್ತಾರೆ.

ಅದು ಕಾಳಜಿಯ ಮಾತೇ. ಆದರೆ ರಜೆ ಎಷ್ಟು ದಿನ ಎಂಬುದು ಅದರಲ್ಲಿಲ್ಲ. ಆ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂಬುದೂ ಇಲ್ಲ. ಮರಳಿ ಬಂದಾಗ ಅದೇ ಮಿಷನ್ನಿನ ಮುಂದೆ ಬೇರೊಬ್ಬರು ನಿಂತಿದ್ದರೆ ಕೇಳುವುದಕ್ಕೆ ದಾರಿಯೂ ಇಲ್ಲ. ದಿನದ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಿ, ಪೀಸಿನ ಲೆಕ್ಕದಲ್ಲಿ ದುಡಿಯುವ ಲಕ್ಷಾಂತರ ಜನರಿಗೆ ನಮ್ಮಲ್ಲಿ 'ವೈದ್ಯಕೀಯ ರಜೆ' ಇರುವುದು ಇಷ್ಟೇ ರೂಪದಲ್ಲಿ. ಕಾನೂನು ಇಲ್ಲವೇ ಅಂದರೆ ಇದೆ, ಅದೂ ನೂರು ವರ್ಷ ಹಳೆಯದು. ಅದು ಕಳೆದುಹೋದ ಬೆರಳಿಗೆ ಬೆಲೆ ಕಟ್ಟಿದೆ. ಬೆರಳಿನ ಗಾಯ ಮಾಯುವ ಆರು ವಾರ ಆ ಮನೆ ಹೇಗೆ ನಡೆಯಬೇಕು ಎಂಬುದನ್ನು ಬಹುಪಾಲು ಮರೆತಿದೆ.

ರಜೆಯೊಳಗೆ ಇರುವುದೇನು?

ತಿಂಗಳ ಸಂಬಳದವರು ಕಾಲು ಮುರಿದುಕೊಂಡರೆ ಮೊದಲು ವೈದ್ಯರ ಸರ್ಟಿಫಿಕೇಟ್ ಕಳಿಸುತ್ತಾರೆ. ಆ ಕಾಗದದಿಂದ ಎರಡು ಕೆಲಸ ಆಗುತ್ತದೆ. ಸಂಬಳ ಪೂರ್ತಿಯಾಗಿಯೋ ಅರ್ಧವೋ ಬರುತ್ತಲೇ ಇರುತ್ತದೆ. ಕುರ್ಚಿ ಅವರದಾಗಿಯೇ ಉಳಿಯುತ್ತದೆ. ಎರಡರಲ್ಲಿ ಯಾವುದೊಂದು ತಪ್ಪಿದರೂ ಅದು ರಜೆ ಅನಿಸಿಕೊಳ್ಳುವುದಿಲ್ಲ.

ದಿನಗೂಲಿಯವರ ವಿಷಯದಲ್ಲಿ ಎರಡೂ ತಪ್ಪುತ್ತವೆ. ಹಾಜರಿ ಹಾಕಿದ ದಿನಕ್ಕೆ ಕೂಲಿ. ಸಂಜೆಗೆ ಆ ದಿನದ ಕೆಲಸ ಮುಗಿಯಿತು, ಅದರ ಜತೆಗೇ ಮಾಲೀಕರ ಹೊಣೆಯೂ ಮುಗಿಯಿತು ಎಂಬಂತೆ ವ್ಯವಹಾರ ನಡೆಯುತ್ತದೆ. ಯಾರೂ ಅವರನ್ನು ಕೆಲಸದಿಂದ ತೆಗೆಯಬೇಕಾಗಿಯೇ ಇಲ್ಲ, ಮರುದಿನ ಕರೆಯದಿದ್ದರೆ ಸಾಕು.

ಬರಹದಲ್ಲಿ ಒಂದಿಷ್ಟು ಹಕ್ಕುಗಳಿವೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನ ಸಂಬಳಸಹಿತ ಅನಾರೋಗ್ಯ ರಜೆ ಹೇಳುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ ಸಿಗುತ್ತಿತ್ತು. ಅರ್ಹತೆಯ ಆ ಗಡಿಯನ್ನು, ಆ ಕಾಯ್ದೆಯ ಜಾಗಕ್ಕೆ ಬಂದ ಕೆಲಸದ ಸುರಕ್ಷತೆಯ ಹೊಸ ಸಂಹಿತೆ 180 ದಿನಕ್ಕೆ ಇಳಿಸಿದೆ. ಒಳ್ಳೆಯದೇ. ಆದರೆ ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸದಾಗಿ ಹೆಸರು ಬರೆಸುವ, ಮಸ್ಟರ್ ರೋಲ್‌ನಲ್ಲಿ ಹೆಸರೇ ಇಲ್ಲದ ಕೆಲಸಗಾರರ 180 ದಿನ ಎಣಿಸುವವರು ಯಾರು?

ಬೆರಳಿಗೊಂದು ಶೇಕಡಾವಾರು

ಕೆಲಸದ ವೇಳೆ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು ಎಂಬ ಕಾನೂನು ಭಾರತಕ್ಕೆ ಬಂದದ್ದು 1923ರಲ್ಲಿ. 2009ರ ತಿದ್ದುಪಡಿಯ ನಂತರ ಅದಕ್ಕೆ 'ನೌಕರರ ಪರಿಹಾರ ಕಾಯ್ದೆ' ಎಂದು ಹೆಸರಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಅದು ಸೇರಿಹೋಗಿದೆ. ಲೆಕ್ಕದ ಸೂತ್ರ ಬಹುಮಟ್ಟಿಗೆ ಹಳೆಯದೇ ಉಳಿದಿದೆ.

ಈ ಕಾಯ್ದೆಯ ಜತೆಗಿರುವ ಪಟ್ಟಿಯನ್ನು ಒಮ್ಮೆ ಓದಬೇಕು. ಹೆಬ್ಬೆರಳು ಹೋದರೆ ಗಳಿಸುವ ಶಕ್ತಿಯಲ್ಲಿ ಶೇ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ 14, ಮಧ್ಯದ ಬೆರಳಾದರೆ ಶೇ 12. ಮೂಳೆಗೆ ಪೆಟ್ಟಾಗದೆ ತೋರುಬೆರಳಿನ ತುದಿ ಮಾತ್ರ ತುಂಡಾದರೆ ಶೇ 5. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ 40. ದೇಹವನ್ನು ಇಷ್ಟು ಸಣ್ಣಗೆ ಭಾಗ ಮಾಡಿ ಎಣಿಸಿದ ಕಾನೂನು ಬೇರೊಂದು ನಮ್ಮಲ್ಲಿರಲಾರದು.

ಲೆಕ್ಕ ಹೀಗೆ ಹೋಗುತ್ತದೆ. ದಿನಕ್ಕೆ 600 ರೂಪಾಯಿ ಕೂಲಿ ಪಡೆಯುವ 30 ವರ್ಷದ ಒಬ್ಬ ಕೆಲಸಗಾರ ಅಂತಿಟ್ಟುಕೊಳ್ಳಿ. 26 ದಿನಕ್ಕೆ 15,600 ರೂಪಾಯಿ. 2020ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಮಿತಿ 15,000 ರೂಪಾಯಿ ಆದ್ದರಿಂದ ಲೆಕ್ಕಕ್ಕೆ ಬರುವುದು ಅಷ್ಟೇ. ಅದರ ಶೇ 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷಕ್ಕೆ ಆ ಗುಣಕ 207.98. ಅದರಲ್ಲಿ ಶೇ 14 ಅಂದರೆ ತೋರುಬೆರಳಿಗೆ ಸುಮಾರು 2.62 ಲಕ್ಷ ರೂಪಾಯಿ. ಕೇಳಲು ದೊಡ್ಡ ಮೊತ್ತ. ಇದು ಕೈಸೇರುವುದು ಪರಿಹಾರ ನಿರ್ಧರಿಸುವ ಅಧಿಕಾರಿಯ ಮುಂದೆ ಅರ್ಜಿ ಹಾಕಿ, ಅಪಘಾತ ಕೆಲಸದ ವೇಳೆಯಲ್ಲೇ ಆಯಿತೆಂದು, ತಾನು ಅಲ್ಲಿನ ಕೆಲಸಗಾರನೇ ಹೌದೆಂದು ಸಾಬೀತುಪಡಿಸಿದ ಮೇಲೆ.

ಇನ್ನು ಗಾಯ ಮಾಯುವ ದಿನಗಳಿಗೆ ಬರೋಣ. ಇದಕ್ಕೆ ಕಾಯ್ದೆಯಲ್ಲಿರುವುದು 'ತಾತ್ಕಾಲಿಕ ಅಶಕ್ತತೆ'ಯ ಭತ್ಯೆ. ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ 25, ಅಂದರೆ ಅರ್ಧ ಕೂಲಿ. ಮೊದಲ ಕಂತು ಬರಬೇಕಾದದ್ದು ಹದಿನಾರನೇ ದಿನ. ಮೂರು ದಿನದೊಳಗೆ ಸರಿಹೋದರೆ ಏನೂ ಇಲ್ಲ. 28 ದಿನಕ್ಕಿಂತ ಕಡಿಮೆಯಿದ್ದರೆ ಮೊದಲ ಮೂರು ದಿನ ಲೆಕ್ಕಕ್ಕಿಲ್ಲ. ಮೇಲಿನ ಕೆಲಸಗಾರನೇ ಆರು ವಾರ ಮನೆಯಲ್ಲಿದ್ದರೆ ಕಳೆದುಕೊಳ್ಳುವ ಕೂಲಿ 21,600 ರೂಪಾಯಿ, ಕಾನೂನಿನ ಪ್ರಕಾರ ಸಿಗಬೇಕಾದದ್ದು ಸುಮಾರು 10,500 ರೂಪಾಯಿ. ಮಾಲೀಕರು ಒಪ್ಪಿ ಕೊಟ್ಟರೆ ಸರಿ. ಇಲ್ಲವಾದರೆ ಹತ್ತು ಸಾವಿರಕ್ಕಾಗಿ ವಕೀಲರನ್ನು ಹಿಡಿದು ಅಲೆಯುವವರು ಯಾರೂ ಇಲ್ಲ. ಹೊಲಿಗೆ ಬಿಚ್ಚಿದ ಮರುದಿನವೇ ಕೆಲಸಕ್ಕೆ ಹೋಗುವುದು ಅವರಿಗೆ ಉಳಿಯುವ ಏಕೈಕ ದಾರಿ.

ಕೆಲಸದ ಜಾಗ ಉಳಿಯಬೇಕು ಎಂಬ ಮಾತು ಈ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಇಎಸ್‌ಐ ಒಳಗಿದ್ದರೆ ಕಥೆಯೇ ಬೇರೆ

ಇದೇ ಬೆರಳು, ಇದೇ ಪ್ರೆಸ್ಸು, ಆದರೆ ಕೆಲಸಗಾರ ಇಎಸ್‌ಐ (ನೌಕರರ ರಾಜ್ಯ ವಿಮೆ) ಯೋಜನೆಯಲ್ಲಿದ್ದಾನೆ ಅಂದುಕೊಳ್ಳಿ. 1948ರಲ್ಲಿ ಸಂಸತ್ತು ಒಪ್ಪಿ, 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲು ಜಾರಿಯಾದ ಯೋಜನೆ ಇದು. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿ ಇದಕ್ಕೆ ಅಡಿಪಾಯ. ಕಾಯಿಲೆ, ಹೆರಿಗೆ, ಕೆಲಸದ ಗಾಯ ಎಲ್ಲವನ್ನೂ ಒಂದೇ ವಿಮೆಯೊಳಗೆ ತಂದು, ಮಾಲೀಕರ ಮನಸ್ಸಿನ ಮೇಲೆ ಕಾರ್ಮಿಕರು ಅವಲಂಬಿಸದಂತೆ ಮಾಡುವುದು ಅದರ ಆಶಯ.

ಕೆಲಸದಲ್ಲಿ ಗಾಯವಾದರೆ ಕೂಲಿಯ ಶೇ 90ರಷ್ಟು ನಗದು, ಅಂದರೆ 600 ರೂಪಾಯಿ ಕೂಲಿಗೆ ದಿನಕ್ಕೆ ಸುಮಾರು 540. ವೈದ್ಯರು 'ಕೆಲಸಕ್ಕೆ ಯೋಗ್ಯ' ಎಂದು ಬರೆಯುವವರೆಗೂ ಕೊಡುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ಸಿಗುತ್ತದೆ. ಚಿಕಿತ್ಸೆ ಉಚಿತ. ಅಂಗ ಶಾಶ್ವತವಾಗಿ ಊನವಾದರೆ ಜೀವನಪೂರ್ತಿ ಪ್ರತಿ ತಿಂಗಳು ಹಣ ಬರುತ್ತದೆ. ಕೆಲಸಕ್ಕೆ ಸಂಬಂಧವಿಲ್ಲದ ಕಾಯಿಲೆಯೋ ಮನೆಯಲ್ಲಿ ಬಿದ್ದ ಪೆಟ್ಟೋ ಆದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70. ಅದಕ್ಕೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು.

ಇದೆಲ್ಲಕ್ಕಿಂತ ದೊಡ್ಡದು 1948ರ ಇಎಸ್‌ಐ ಕಾಯ್ದೆಯ 73ನೇ ಕಲಂ. ಕಾಯಿಲೆ ಭತ್ಯೆಯನ್ನೋ ಗಾಯದ ಭತ್ಯೆಯನ್ನೋ ಪಡೆಯುತ್ತಿರುವ ಕಾರ್ಮಿಕರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು, ದಂಡಿಸಬಾರದು ಎಂದು ಅದು ಹೇಳಿತು. ಕೂಲಿ ಮತ್ತು ಜಾಗ ಎರಡನ್ನೂ ಒಟ್ಟಿಗೆ ಕಾಯುವ ಇಂಥ ರಕ್ಷಣೆಯನ್ನು ನಾವೇ ಎಪ್ಪತ್ತು ವರ್ಷಕ್ಕೂ ಹಿಂದೆ ಬರೆದುಕೊಂಡಿದ್ದೆವು.

ಇದರ ಖರ್ಚು ಎಷ್ಟು? 2019ರ ಜುಲೈಯಿಂದ ಮಾಲೀಕರ ಪಾಲು ಶೇ 3.25, ಕಾರ್ಮಿಕರದು ಶೇ 0.75. ತಿಂಗಳಿಗೆ 15,600 ರೂಪಾಯಿ ಕೂಲಿಗೆ ಮಾಲೀಕರು 507, ಕಾರ್ಮಿಕರು 117. ಎರಡೂ ಸೇರಿ ಹೆಚ್ಚುಕಡಿಮೆ ಒಂದು ದಿನದ ಕೂಲಿ.

ಬಾಗಿಲ ಹೊರಗೆ ನಿಂತವರು

ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಇಎಸ್‌ಐ ಕಡ್ಡಾಯ. ಸಂಬಳದ ಮಿತಿ 21,000 ರೂಪಾಯಿ, 2017ರ ಜನವರಿಯಲ್ಲಿ ನಿಗದಿಯಾದದ್ದು. ಪೀಣ್ಯದ ಆರು ಜನರ ಶೆಡ್ಡು ಹೊರಗೆ. ಹನ್ನೆರಡು ಜನರಿದ್ದು ಎಂಟು ಜನರ ಹೆಸರಷ್ಟೇ ಪುಸ್ತಕದಲ್ಲಿರುವ ಶೆಡ್ಡೂ ಹೊರಗೆ. ಎಷ್ಟೋ ಕಡೆ ನರ್ಸಿಂಗ್ ಹೋಮಿನ ಚೀಟಿಯಲ್ಲಿ 'ಬೈಕಿನಿಂದ ಬಿದ್ದದ್ದು' ಎಂದು ಬರೆಸುವುದು ಈ ಕಾರಣಕ್ಕೇ. ಪುಸ್ತಕದಲ್ಲಿ ಇಲ್ಲದ ಕೆಲಸಗಾರನಿಗೆ ಕಾರ್ಖಾನೆಯಲ್ಲಿ ಗಾಯ ಆಗುವುದಕ್ಕೆ ಬರುವುದಿಲ್ಲ.

ಹರಿಯಾಣದ ಗುರುಗ್ರಾಮ, ಮಾನೇಸರ್ ಭಾಗದ ವಾಹನ ಬಿಡಿಭಾಗ ಕಾರ್ಖಾನೆಗಳ ಗಾಯಾಳುಗಳ ಜತೆ ಕೆಲಸ ಮಾಡುವ 'ಸೇಫ್ ಇನ್ ಇಂಡಿಯಾ' ಸಂಸ್ಥೆ 2019ರಿಂದ 'ಕ್ರಶ್ಡ್' ಹೆಸರಿನ ವರದಿಗಳನ್ನು ಹೊರತರುತ್ತಿದೆ. ಗಾಯಾಳುಗಳಲ್ಲಿ ಅನೇಕರಿಗೆ ಇಎಸ್‌ಐ ಕಾರ್ಡ್ ಸಿಕ್ಕಿದ್ದೇ ಅಪಘಾತವಾದ ಮೇಲೆ ಎಂದು ಅದು ಮತ್ತೆ ಮತ್ತೆ ದಾಖಲಿಸಿದೆ. ಬೆರಳು ಹೋದ ದಿನ ಆತುರಾತುರವಾಗಿ ನೋಂದಣಿ ನಡೆಯುತ್ತದೆ ಎಂದಾದರೆ, ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಜ್ವರ ಬಂದಾಗ, ಸೊಂಟ ಹಿಡಿದಾಗ ಆ ವ್ಯಕ್ತಿಗೆ ಏನೂ ಇರಲಿಲ್ಲ ಎಂದೇ ಅರ್ಥ.

ಕಟ್ಟಡ ಕೆಲಸದವರ ಪರಿಸ್ಥಿತಿ ಇನ್ನೂ ಕಠಿಣ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದು ಶೆಡ್ಡಿನಲ್ಲಿ ಬಿಡಾರ ಹೂಡುವ ಕುಟುಂಬಗಳಲ್ಲಿ ಗಂಡ ಸೆಂಟ್ರಿಂಗ್ ಕೆಲಸ, ಹೆಂಡತಿ ಜಲ್ಲಿ ಹೊರುವ ಕೆಲಸ ಮಾಡುತ್ತಾರೆ. ಒಬ್ಬರು ಬಿದ್ದರೆ ಅವರ ಆರೈಕೆಗೆ ಇನ್ನೊಬ್ಬರೂ ಮನೆಯಲ್ಲಿ ಉಳಿಯಬೇಕು. ಎರಡು ಕೂಲಿಯೂ ಒಂದೇ ದಿನ ನಿಲ್ಲುತ್ತದೆ. ಶೆಡ್ಡು ಮೇಸ್ತ್ರಿಯದಾದ್ದರಿಂದ ಕೆಲಸ ಹೋದರೆ ಸೂರೂ ಹೋದಂತೆ.

ಇವರಿಗಾಗಿ 1996ರಲ್ಲೇ ಕಾಯ್ದೆ ಬಂದಿತ್ತು, ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹವಾಗುತ್ತದೆ, ರಾಜ್ಯದಲ್ಲಿ ಕಲ್ಯಾಣ ಮಂಡಳಿಯಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ತಂದರೆ ಕಾರ್ಡು ಸಿಗುತ್ತದೆ. ಸಾವಾದರೆ, ಶಾಶ್ವತ ಊನವಾದರೆ, ಆಸ್ಪತ್ರೆ ಸೇರಿದರೆ ಸಹಾಯಧನವಿದೆ. ಮನೆಯಲ್ಲಿ ಕಾಲು ಕಟ್ಟಿಸಿಕೊಂಡು ಮಲಗಿದ ದಿನಗಳ ಕೂಲಿಯ ಸಮಸ್ಯೆ ಅಲ್ಲೂ ಹಾಗೇ ಉಳಿದಿದೆ.

ಮನೆಗೆಲಸದ ಹೆಣ್ಣುಮಕ್ಕಳಿಗೆ ದೇಶದಲ್ಲೇ ಮೊದಲು, 2004ರಲ್ಲಿ, ಕನಿಷ್ಠ ಕೂಲಿ ಪ್ರಕಟಿಸಿದ ರಾಜ್ಯ ನಮ್ಮದು. ಆದರೂ ಒದ್ದೆ ನೆಲದಲ್ಲಿ ಜಾರಿ ಕೈ ಮುರಿದುಕೊಂಡವರು ಒಂದು ತಿಂಗಳು ಬಿಟ್ಟು ಹೋದಾಗ ಅದೇ ಮನೆಯ ಕೆಲಸ ಸಿಗುವುದು ಆ ಮನೆಯವರ ಒಳ್ಳೆಯತನಕ್ಕೆ ಬಿಟ್ಟ ವಿಷಯ. ಅಲ್ಲಿ ಕಾರ್ಮಿಕ ನಿರೀಕ್ಷಕರು ಬರುವುದಿಲ್ಲ. ಓದುಗರಲ್ಲಿ ಅನೇಕರು ಇಂಥ ಒಬ್ಬರಿಗಾದರೂ ಮಾಲೀಕರು. ಕಾನೂನು ಬರುವವರೆಗೆ ಕಾಯದೆ ನಾವೇ ಕೊಡಬಹುದಾದ ರಜೆ ಇದು.

ಆ್ಯಪ್ ನೋಡಿಕೊಂಡು ಊಟ ತಲುಪಿಸುವ ಹುಡುಗರದು ಹೊಸ ಬಗೆಯ ದಿನಗೂಲಿ. ಬೈಕಿನಿಂದ ಬಿದ್ದು ಲಾಗಿನ್ ಆಗದಿದ್ದರೆ ಅಂದಿನ ಗಳಿಕೆ ಸೊನ್ನೆ, ವಾರದ ಇನ್ಸೆಂಟಿವ್ ಕೂಡ ಕೈತಪ್ಪುತ್ತದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ, ಐಡಿ ರದ್ದು ಮಾಡುವ ಮೊದಲು ಕಾರಣ ತಿಳಿಸಿ 14 ದಿನದ ನೋಟಿಸ್ ಅದರಲ್ಲಿವೆ. ಜಾಗ ಉಳಿಸುವ ಕಡೆಗೆ ಅದು ನಿಜವಾದ ಹೆಜ್ಜೆ. ಗಾಯದ ದಿನಗಳಿಗೆ ಹಣ ಕೊಡುವ ಯೋಜನೆಯನ್ನು ಆ ನಿಧಿಯಿಂದ ರೂಪಿಸಲು ಸಾಧ್ಯವಿದೆ.

ಇನ್ನೊಂದು ವ್ಯತ್ಯಾಸ ಹೇಳಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಈ ಮಾತು ಸರ್ಕಾರಿ ಸಂಸ್ಥೆಗಷ್ಟೇ ಅನ್ವಯ.

ಮಾಯುವ ಮುಂಚೆಯೇ ಮರಳಿದರೆ

ಹೊಲಿಗೆ ಹಾಕಿದ ಕೈಯಲ್ಲಿ ಸಿಮೆಂಟು ಕಲಸಿದರೆ ಗಾಯ ಕೀವಾಗುತ್ತದೆ. ಕೂಡಿಕೊಳ್ಳದ ಮೂಳೆಯ ಮೇಲೆ ಭಾರ ಬಿದ್ದರೆ ಅದು ಸೊಟ್ಟಗೆ ಕೂಡುತ್ತದೆ. ಆರು ವಾರದ ವಿಶ್ರಾಂತಿಯಿಂದ ಪೂರ್ತಿ ಸರಿಹೋಗಬಹುದಾಗಿದ್ದ ಪೆಟ್ಟು ಬಾಳಿನುದ್ದಕ್ಕೂ ಉಳಿಯುವ ಊನವಾಗುತ್ತದೆ. ತಾತ್ಕಾಲಿಕ ಗಾಯವನ್ನು ಶಾಶ್ವತ ಮಾಡುವ ಶಕ್ತಿ ಹಸಿವಿಗಿದೆ.

ಆರೋಗ್ಯ ಕಾರ್ಡುಗಳು ಬಂದ ಮೇಲೆ ಆಸ್ಪತ್ರೆಯ ಬಿಲ್ಲಿನ ಭಯ ಒಂದಷ್ಟು ಕಡಿಮೆಯಾಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಆದರೆ ಅದು ಆಸ್ಪತ್ರೆಯ ಗೇಟಿನವರೆಗಿನ ನೆರವು. ಡಿಸ್ಚಾರ್ಜ್ ಆಗಿ ಬಂದವರ ಮನೆ ಬಾಡಿಗೆ, ಮೈಕ್ರೋಫೈನಾನ್ಸ್ ಸಂಘದ ವಾರದ ಕಂತು, ಮಕ್ಕಳ ಫೀಸು ನಿಲ್ಲುವುದಿಲ್ಲ. ಕೈಸಾಲ ಮಾಡುತ್ತಾರೆ. ಆ ಸಾಲವನ್ನು ಕೊಡುವವರು ಕೆಲವೊಮ್ಮೆ ಅದೇ ಮೇಸ್ತ್ರಿ ಅಥವಾ ಮಾಲೀಕರು. ಕೆಲಸದಲ್ಲಿ ಆದ ಗಾಯಕ್ಕೆ ಸಿಗಬೇಕಾದ ಭತ್ಯೆ ಸಾಲದ ರೂಪದಲ್ಲಿ ಬಂದು, ಮುಂದಿನ ಕೂಲಿಯಲ್ಲಿ ಮುರಿದುಕೊಳ್ಳಲಾಗುತ್ತದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಅನ್ಯಾಯ ಅನಿಸುವುದು ಇದು.

ನಿಧಾನವಾಗಿ ಆಗುವ ಗಾಯಗಳಂತೂ ಲೆಕ್ಕಕ್ಕೇ ಬರುವುದಿಲ್ಲ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂತ ಹತ್ತು ವರ್ಷದ ಬೆನ್ನುನೋವು ಯಾವ ದಿನ, ಎಷ್ಟು ಗಂಟೆಗೆ ಆದ 'ಅಪಘಾತ' ಎಂದು ಬರೆಯುವುದು?

ಬೇರೆ ದೇಶಗಳಲ್ಲಿ

ಅಮೆರಿಕದಲ್ಲಿ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ 12 ವಾರ ಕೆಲಸದ ಜಾಗ ಕಾಯುತ್ತದೆ, ಸಂಬಳ ಕೊಡುವುದಿಲ್ಲ. ಹಿಂದಿನ ವರ್ಷದಲ್ಲಿ 1,250 ಗಂಟೆ ದುಡಿದಿರಬೇಕು, ಸಂಸ್ಥೆಯಲ್ಲಿ 50 ಜನರಿರಬೇಕು. ಗಂಟೆ ಲೆಕ್ಕದ ಅರೆಕಾಲಿಕರು ಅಲ್ಲೂ ಜಾರಿ ಬೀಳುತ್ತಾರೆ. ಜರ್ಮನಿಯಲ್ಲಿ ಕಾಯಿಲೆ ಬಿದ್ದವರಿಗೆ ಮೊದಲ ಆರು ವಾರ ಪೂರ್ತಿ ಸಂಬಳವನ್ನು ಮಾಲೀಕರೇ ಕೊಡಬೇಕು. ವಾರಕ್ಕೆ ಕೆಲವೇ ಗಂಟೆ ದುಡಿಯುವವರಿಗೂ, ನಾಲ್ಕು ವಾರ ಕೆಲಸ ಮಾಡಿದ್ದರೆ, ಈ ಹಕ್ಕಿದೆ.

ಕೈಯಲ್ಲಿರಬೇಕಾದ ಕಾಗದ

ಗಾಯವಾದ ಮೊದಲ ಗಂಟೆಗಳಲ್ಲಿ ಏನು ಬರೆಯಲಾಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಎಲ್ಲಿ, ಹೇಗೆ ಪೆಟ್ಟಾಯಿತು ಎಂಬುದನ್ನು ವೈದ್ಯರು ಚೀಟಿಯಲ್ಲಿ ನಿಜವಾಗಿ ಬರೆಯುವಂತೆ ನೋಡಿಕೊಳ್ಳಬೇಕು. ಜತೆಗಿದ್ದವರ ಹೆಸರು, ಹಾಜರಿ ಪುಸ್ತಕದ ಫೋಟೊ ಇಟ್ಟುಕೊಳ್ಳಬೇಕು. ಈಗ ಬಟವಾಡೆ ಫೋನಿಗೇ ಬರುವುದರಿಂದ ಹಣ ಜಮೆಯಾದ ಸಂದೇಶಗಳೇ ಕೆಲಸಕ್ಕಿದ್ದುದಕ್ಕೆ ಸಾಕ್ಷಿ. ಅವನ್ನು ಅಳಿಸಬಾರದು. ಗುತ್ತಿಗೆದಾರ ಕೈಯೆತ್ತಿದರೆ ಮೂಲ ಮಾಲೀಕರನ್ನೇ ಪರಿಹಾರ ಕೇಳುವ ಹಕ್ಕು 1923ರ ಕಾಯ್ದೆಯಲ್ಲೇ ಇತ್ತು.

2017ರ ತಿದ್ದುಪಡಿ ಆ ಕಾಯ್ದೆಗೆ ಒಂದು ಒಳ್ಳೆಯ ನಿಯಮ ಸೇರಿಸಿತು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಿಳಿಸಬೇಕು. ತಪ್ಪಿದರೆ 50 ಸಾವಿರದಿಂದ ಒಂದು ಲಕ್ಷ ರೂಪಾಯಿ ದಂಡ. ಕನ್ನಡದಲ್ಲಿ ಬರೆದ ಅಂಥ ಒಂದು ಹಾಳೆ ಎಷ್ಟು ಶೆಡ್ಡುಗಳ ಗೋಡೆಯ ಮೇಲಿದೆ ಎಂದು ಕಾರ್ಮಿಕ ಇಲಾಖೆ ಒಮ್ಮೆ ನೋಡಿಬರಬೇಕು.

ಕಟ್ಟಡ ಕಾರ್ಮಿಕರ ಮಂಡಳಿಯ ಹತ್ತಿರ ಸಾವಿರಾರು ಕೋಟಿಯ ಸೆಸ್ ನಿಧಿ, ಕಾರ್ಮಿಕರ ಕಾರ್ಡು, ಬ್ಯಾಂಕ್ ಖಾತೆಯ ವಿವರ ಎಲ್ಲವೂ ಇದೆ. ವೈದ್ಯರ ಸರ್ಟಿಫಿಕೇಟ್ ಆಧರಿಸಿ, ಗಾಯಾಳುಗಳಿಗೆ ಕನಿಷ್ಠ ಕೂಲಿಯ ದರದಲ್ಲಿ ದಿನಭತ್ಯೆ ಕೊಡಲು ಅದಕ್ಕೆ ಹೊಸ ಕಚೇರಿ ಬೇಕಾಗಿಲ್ಲ. ಈ ಬೇಡಿಕೆಯನ್ನು ಕಾರ್ಮಿಕ ಸಂಘಗಳು ಮುಂದಿಟ್ಟರೆ ನಾವೆಲ್ಲ ಜತೆಗೆ ನಿಲ್ಲಬೇಕು.

ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗೂ ಸಾಮಾಜಿಕ ಭದ್ರತಾ ಸಂಹಿತೆ ಬಾಗಿಲು ತೆರೆದಿದೆ. ಮಾಲೀಕರು ಮತ್ತು ಬಹುಪಾಲು ಕಾರ್ಮಿಕರು ಒಪ್ಪಿದರೆ ಸ್ವಇಚ್ಛೆಯಿಂದ ಇಎಸ್‌ಐ ಸೇರಬಹುದು. ಆರು ಜನರ ಶೆಡ್ಡಿಗೆ, ಮೇಲಿನ ಕೂಲಿಯ ಲೆಕ್ಕದಲ್ಲಿ, ಮಾಲೀಕರ ಪಾಲು ತಿಂಗಳಿಗೆ 3,042 ರೂಪಾಯಿ. ಪ್ರೆಸ್ಸಿಗೆ ಕೈ ಸಿಕ್ಕಿದ ಕೆಲಸಗಾರರ ನರ್ಸಿಂಗ್ ಹೋಮ್ ಬಿಲ್ಲನ್ನು ತಾವೇ ಕಟ್ಟುವಷ್ಟು ಮನಸ್ಸಿರುವ ಸಣ್ಣ ಮಾಲೀಕರು ಪೀಣ್ಯದಲ್ಲಿ ಬೇಕಾದಷ್ಟಿದ್ದಾರೆ. ಈ ದಾರಿಯೊಂದಿದೆ ಎಂದು ಅವರಿಗೆ ಹೋಗಿ ಹೇಳುವ ಕೆಲಸ ಇಎಸ್‌ಐ ನಿಗಮದ ಕಚೇರಿಗಳದು, ಕೈಗಾರಿಕಾ ಸಂಘಗಳದು.